ನಿಮಿಷಕ್ಕೊಂದು ಸೆಕೆಂಡು

ಆ ಪುಟ್ಟ ರೇಡಿಯೋ ಕೇಂದ್ರದಲ್ಲಿ ಅವಳನ್ನು ಎಲ್ಲರೂ ‘ಸೆಕೆಂಡಕ್ಕ’ ಎಂದೇ ಕರೆಯುತ್ತಿದ್ದರು. ಹಾಡು, ವಾರ್ತೆ, ಜಾಹೀರಾತುಗಳನ್ನು ಹೊತ್ತು ಹೊತ್ತಿಗೆ ಬಿತ್ತರಿಸುತ್ತಿದ್ದುದು ಒಂದು ಕಂಪ್ಯೂಟರು. ಅದರ ಗಡಿಯಾರವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವಳು ಅವಳು. ವಿದ್ಯೆ ಕಾಲೇಜಿನದು; ಶಿಸ್ತು ಮಾತ್ರ ಮಾವನದು. ಮಾವ ಐವತ್ತು ವರ್ಷ ಗೋಡೆ ಗಡಿಯಾರಗಳನ್ನು ರಿಪೇರಿ ಮಾಡಿದವರು.

ಅಂದು ಬೆಳಿಗ್ಗೆ ಎಂಟಕ್ಕೆ ಬಂದು ನೋಡುತ್ತಾಳೆ, ಕಂಪ್ಯೂಟರು ನಲವತ್ತು ಸೆಕೆಂಡು ಮುಂದೆ ಓಡಿದೆ! ಹೊರಗಿನಿಂದ ಸರಿಯಾದ ಸಮಯ ತಂದುಕೊಡುವ ಕೇಬಲನ್ನು ಹೊಸ ಮುಖ್ಯಸ್ಥರು ನಾಲ್ಕು ದಿನಗಳ ಹಿಂದೆ ಕಿತ್ತು, ತಮ್ಮ ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡಿದ್ದರು.

ಒಂಬತ್ತಕ್ಕೆ ಶಾಲೆಯ ಸಭಾಂಗಣದಿಂದ ಮಕ್ಕಳ ಗಾಯನದ ನೇರ ಪ್ರಸಾರ. ಒಂಬತ್ತೂವರೆಗೆ ಕಂಪ್ಯೂಟರು ತನ್ನ ಗಡಿಯಾರ ನೋಡಿಕೊಂಡು ಪ್ರಸಾರ ನಿಲ್ಲಿಸಿಬಿಡುತ್ತದೆ; ಅಂದರೆ ನಲವತ್ತು ಸೆಕೆಂಡು ಮೊದಲೇ. ಕೊನೆಯ ಅರ್ಧ ನಿಮಿಷ ಒಬ್ಬಳೇ ಹಾಡುವವಳು ಅವಳ ಮಗಳು. ಎರಡು ತಿಂಗಳಿಂದ ಮನೆಯವರ ಕಿವಿ ತೂತಾಗುವಂತೆ ಅಭ್ಯಾಸ ಮಾಡಿದ್ದಾಳೆ.

“ಅಷ್ಟಕ್ಕೆಲ್ಲ ಯಾಕಕ್ಕ ತಲೆ ಕೆಡಿಸ್ಕೊಳ್ತೀರಾ? ನಲವತ್ತು ಸೆಕೆಂಡ್ ಹಿಂದಕ್ಕೆ ತಳ್ಳಿಬಿಡಿ,” ಎಂದರು ಮುಖ್ಯಸ್ಥರು.

“ಹೋದ ತಿಂಗಳು ನೀವು ತಳ್ಳಿದ್ರಲ್ಲ ಸರ್, ‘ಶುಭೋದಯ’ ಎರಡೆರಡು ಸಲ ಆಗ್ಲಿಲ್ವಾ? ಹೋದ ಹೊತ್ತು ಮತ್ತೆ ಬಂದ್ರೆ, ಆ ಹೊತ್ತಿನ ಕೆಲಸಾನೂ ಇದು ಮತ್ತೆ ಮಾಡುತ್ತೆ.”

ಮುಖ್ಯಸ್ಥರು ಪೆಚ್ಚುಮೋರೆ ಹಾಕಿಕೊಂಡು ಕೇಬಲು ತಂದುಕೊಟ್ಟರು.

ಮದುವೆಯಾದ ಹೊಸದರಲ್ಲಿ ಅವಳೂ ಹೀಗೆಯೇ ಮನೆಯ ಗಂಟೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಹೋಗಿದ್ದಳು. ಮಾವ ಓಡಿಬಂದು ಕೈ ತಡೆದಿದ್ದರು. “ತಡಿ ತಾಯಿ! ಹಿಂದಕ್ಕೆ ತಿರುಗಿಸಿದ್ರೆ ಗಂಟೆ ಹೊಡೆಯೋದೇ ಕೆಟ್ಟುಹೋಗುತ್ತೆ. ಲೋಲಕದ ಗುಂಡು ಒಂಚೂರು ಇಳಿಸು, ಓಟ ಕಡಿಮೆ ಆಗುತ್ತೆ. ನಿಧಾನಕ್ಕೆ ತಾನೇ ದಾರಿಗೆ ಬರುತ್ತೆ.”

ಸೆಕೆಂಡಕ್ಕ ಅದನ್ನೇ ಮಾಡಿದಳು. ಕೇಬಲು ಸಿಕ್ಕಿಸಿ, ಹೊರಗಿನ ಸಮಯಕ್ಕೆ ಕೂಡುವವರೆಗೆ ನಿಮಿಷಕ್ಕೊಂದು ಸೆಕೆಂಡು ಕಡಿಮೆ ನಡೆಯುವಂತೆ ಕಂಪ್ಯೂಟರಿಗೆ ಅಪ್ಪಣೆ ಕೊಟ್ಟು, ಕೆನ್ನೆಗೆ ಕೈ ಕೊಟ್ಟು ಕುಳಿತಳು. ಮೂವತ್ತು ಉಳಿಯಿತು, ಹದಿನೈದು ಉಳಿಯಿತು, ಐದು. ಒಂಬತ್ತಕ್ಕೆ ಇನ್ನೂ ಎಂಟು ನಿಮಿಷವಿದ್ದಾಗ ಲೆಕ್ಕ ಚುಕ್ತಾ! ನಡುವೆ ಒಂದು ಜಾಹೀರಾತೂ ಎರಡು ಸಲ ಬರಲಿಲ್ಲ, ಒಂದು ಹಾಡೂ ತಪ್ಪಲಿಲ್ಲ.

ಒಂಬತ್ತೂವರೆಯ ಹೊತ್ತಿಗೆ ಮಗಳ ದನಿ ಕೊನೆಯ ಸಾಲಿನವರೆಗೂ ಇಂಪಾಗಿ ಹರಿದು ನಿಂತಿತು. ಮರುಕ್ಷಣವೇ ಮನೆಯಿಂದ ಫೋನು.

“ಕೇಳಿದ್ರಾ ಮಾವ? ಹೇಗಿತ್ತು?”

“ಕೇಳ್ದೆ, ಕೇಳ್ದೆ.” ಮಾವ ಒಮ್ಮೆ ಕೆಮ್ಮಿದರು. “ಎರಡು ಸೆಕೆಂಡ್ ಮುಂಚೇನೇ ಮುಗಿಸಿಬಿಟ್ಟಳಲ್ಲಮ್ಮ! ಈ ಆತುರ ಮಾತ್ರ ನಮ್ಮ ಕಡೆಯಿಂದ ಬಂದಿದ್ದಲ್ಲ.”