ನೀರು ಹೆಚ್ಚಾದ ಲೋಳೆಸರ

ಗಿಡ ಸೊರಗಿದರೆ ಜನರಿಗೆ ಮೊದಲು ಹೊಳೆಯುವುದು ನೀರು. ನಮ್ಮ ಓಣಿಯ ಹೆಣ್ಣುಮಕ್ಕಳು ಮೆತ್ತಗಾದ ಲೋಳೆಸರದ ಕುಂಡವನ್ನು ಕೂಸಿನ ಹಾಗೆ ಸೊಂಟದ ಮೇಲೆ ಹೊತ್ತು ತಂದು ನನ್ನ ಮುಂದೆ ಇಡುತ್ತಾರೆ. "ದಿನಾ ನೀರು ಹಾಕ್ತೀನ್ರಿ ಅಮ್ಮಾ, ಆದ್ರೂ ಒಣಗಾಕತ್ತೈತಿ" ಎನ್ನುತ್ತಾರೆ. ಅದು ಒಣಗುತ್ತಿಲ್ಲ, ಮುಳುಗಿ ಸಾಯುತ್ತಿದೆ ಎಂದರೆ ನಂಬುವುದಿಲ್ಲ. ನಾನು ಮಣ್ಣಿನ ಹತ್ತಿರ ಮೂಗು ಒಯ್ಯುತ್ತೇನೆ. ಕೊಳೆತ ಬೇರಿನ ವಾಸನೆ ಬಡಿದ ಕೂಡಲೇ ಗಿಡ ಮರೆತುಹೋಗಿ ಅವ್ವ ನೆನಪಾಗುತ್ತಾಳೆ. ಈ ವಯಸ್ಸಿನಲ್ಲಿ ಅವ್ವನನ್ನು ನೆನೆದು ಅಳುವುದು ಚೆಂದವಲ್ಲ ಎಂದು ಕುಂಡ ತಂದವರನ್ನೇ ಬೈದು ಕಳಿಸುತ್ತೇನೆ. ಅವರು ಮುದುಕಿಗೆ ಸಿಟ್ಟು ಭಾಳ ಎಂದುಕೊಂಡು ಹೋಗುತ್ತಾರೆ.

ನನ್ನ ತವರು ಯಲಬುರ್ಗಿ ಸೀಮೆಯ ಒಂದು ಹಳ್ಳಿ. ಆಗ ನಿಜಾಮನ ಆಳ್ವಿಕೆ. ಊರ ಬಾವಿಯ ನೀರು ಸವಳು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಕುಡಿಯುವ ನೀರಿಗೆ ಹಳ್ಳಕ್ಕೆ ಹೋಗಿ ಉಸುಕು ತೋಡಿ, ಒರತೆ ಜಿನುಗುವವರೆಗೆ ಕುಕ್ಕರಗಾಲಲ್ಲಿ ಕೂತು, ಬಟ್ಟಲಿನಿಂದ ಮೊಗೆಮೊಗೆದು ಕೊಡ ತುಂಬಿಸಬೇಕು. ಬಂದ ಬೀಗರಿಗೆ ಒಂದು ತುಂಬಿದ ಚರಿಗೆ ನೀರು ಕೊಟ್ಟರೆ ಅದೇ ದೊಡ್ಡ ಮರ್ಯಾದೆ. ಪಾತ್ರೆ ತೊಳೆದ ನೀರೂ ಎಮ್ಮೆಯ ಬಾನಿಗೆ ಹೋಗುತ್ತಿತ್ತು. ಅವ್ವನ ಹಿತ್ತಲಲ್ಲಿ ಲೋಳೆಸರ ಇತ್ತು, ಅದಕ್ಕೆ ಯಾರಾದರೂ ನೀರು ಹಾಕಿದ್ದನ್ನು ನಾನು ನೋಡಿಲ್ಲ. ಮಳೆ ಬಂದಾಗ ಅದು ಕುಡಿಯುತ್ತಿತ್ತು, ಬರದಿದ್ದಾಗ ಸುಮ್ಮನಿರುತ್ತಿತ್ತು.

ಎರಡನೇ ಮಹಾಯುದ್ಧ ಶುರುವಾಗುವ ಸುಮಾರಿಗೆ ನನ್ನನ್ನು ಸಾಣಾಪುರಕ್ಕೆ ಕೊಟ್ಟರು. ಒಣಭೂಮಿಯ ಹುಡುಗಿಗೆ ಅದು ಬೇರೆಯೇ ಲೋಕ. ಮನೆಯ ಹಿಂದೆಯೇ ಹಳೆಯ ಕಾಲದ ಕಾಲುವೆ. ನೀರು ಹಗಲೂ ರಾತ್ರಿ ಹರಿದು ಹೋಗುತ್ತಿತ್ತು, ಯಾರೂ ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಮೊದಮೊದಲು ನಾನು ಕೆಲಸ ಬಿಟ್ಟು ಕಾಲುವೆಯ ದಂಡೆಯಲ್ಲಿ ನಿಂತುಬಿಡುತ್ತಿದ್ದೆ. ನನ್ನ ಅತ್ತೆ ಒಳಗಿಂದ ಕೂಗುತ್ತಿದ್ದರು, "ಏ ಹುಡುಗಿ, ನೀರೇನು ಓಡಿ ಹೋಗಂಗಿಲ್ಲ, ಬಾ ಒಳಗ!" ಅದು ಓಡಿ ಹೋಗುತ್ತಲೇ ಇತ್ತಲ್ಲ ಎಂದು ನನಗೆ ಅನಿಸುತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ.

ಕಳಿಸುವ ದಿನ ಅವ್ವ ಬಾಯಿ ಒಡೆದ, ತಳ ಬಿರಿದ ಒಂದು ಗಡಿಗೆಯಲ್ಲಿ ಲೋಳೆಸರದ ಗಿಡ ಇಟ್ಟುಕೊಟ್ಟಿದ್ದಳು. "ಕಣ್ಣು ಬಂದ್ರ, ಕೈ ಸುಟ್ರ, ಇದೊಂದಿದ್ರ ಸಾಕು. ಬೀಗರ ಮನಿಗೆ ನಾ ಸುಮ್‌ಸುಮ್ನ ಬರಾಕ ಬರಂಗಿಲ್ಲ. ಇದು ನಿನ್ನ ಕೂಡ ಇರ್ಲಿ" ಎಂದಿದ್ದಳು. ಬೆಳ್ಳಿ ಬಂಗಾರ ಕೊಡುವ ಶಕ್ತಿ ನಮ್ಮದಲ್ಲ. ಆ ಒಡಕು ಗಡಿಗೆಯನ್ನು ನೋಡಿ ಸಾಣಾಪುರದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಾನು ಅದನ್ನು ಬಚ್ಚಲ ಹಿಂದೆ ಮರೆಯಲ್ಲಿ ಇಟ್ಟೆ.

ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಾಗರ ಪಂಚಮಿಗೆ. ಜೋಕಾಲಿ, ಅರಳು, ಉಂಡಿ, ಓಣಿ ತುಂಬ ಗೆಳತಿಯರು. ಆದರೆ ಕಾಲುವೆ ಊರಲ್ಲಿ ನಾಟಿ ಬೀಳುವುದೂ ಶ್ರಾವಣದಲ್ಲೇ. ಸಸಿ ಕಿತ್ತು ಗದ್ದೆಗೆ ಹಚ್ಚುವ ಹೊತ್ತಿನಲ್ಲಿ ಒಂದು ಕೈ ಕಡಿಮೆಯಾದರೂ ಯಾರೂ ಸಹಿಸುವುದಿಲ್ಲ. ಮೊದಲ ವರ್ಷ ನನ್ನನ್ನು ಕಳಿಸಲಿಲ್ಲ. ಎರಡನೇ ವರ್ಷ ಅಣ್ಣ ಗಾಡಿ ಕಟ್ಟಿಕೊಂಡು ಬಂದು ಉಂಡು ಹಾಗೆಯೇ ತಿರುಗಿ ಹೋದ. ಮೊಣಕಾಲು ಮಟ್ಟ ಕೆಸರಿನಲ್ಲಿ ಬಗ್ಗಿ ನಿಂತು ಅವನ ಗಾಡಿ ಹೋಗುವುದನ್ನು ನೋಡಿದೆ. ಅತ್ತರೆ ಯಾರಿಗೂ ಕಾಣುತ್ತಿರಲಿಲ್ಲ, ಅದೊಂದೇ ಸುಖ.

ಮೂರನೇ ವರ್ಷದ ಕಾರಹುಣ್ಣಿಮೆ ಮುಗಿದ ಮೇಲೆ ನಮ್ಮೂರಿನ ಗಾಡಿಯವನೊಬ್ಬ ಗಂಗಾವತಿ ಸಂತೆಗೆ ಜೋಳ ತಂದವನು ನಮ್ಮ ಮನೆಗೂ ಬಂದ. ಅವನನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕಟ್ಟೆಯ ಮೇಲೆ ಕೂತು ಅತ್ತೆಗೆ ಖಬರು ಹೇಳಿದ: "ಈಕಿ ಅವ್ವಗ ಕಣ್ಣು ಬಂದಾವ್ರಿ. ಹಿತ್ತಲದಾಗಿನ ಲೋಳಸರ ಎಲ್ಲಾ ಸತ್ತು ಹೋಗೈತಂತ. ಮಗಳ ಗಿಡದ್ದ ಒಂದು ಮರಿ ಬೇಕಂತ್ರಿ. ಬ್ಯಾರೆಯವರು ತಂದ್ರ ಹತ್ತಂಗಿಲ್ಲ, ಮಗಳ ಕೈಲೇ ತರಬೇಕಂತ."

ಅತ್ತೆ ಎಲೆ ಅಡಿಕೆ ಮೆಲ್ಲುತ್ತ ನನ್ನನ್ನು ನೋಡಿದರು, ಆಮೇಲೆ ಎದ್ದು ಬಚ್ಚಲ ಹಿಂದೆ ಹೋಗಿ ಗಿಡವನ್ನು ನೋಡಿ ಬಂದರು. "ಗಿಡ ಛಲೋ ಐತಿ, ಮರಿ ಎಲ್ಲೈತಿ? ಮರಿ ಹಾಕ್ಲಿ, ಕಳಸ್ತೀನಿ" ಎಂದರು. ಕೊಟ್ಟ ಮಾತು ತಪ್ಪುವವರಲ್ಲ ಅವರು. ನನಗೆ ಅಷ್ಟು ಸಾಕಾಯಿತು. ಬುಡದಿಂದ ಒಂದು ಮರಿಗಿಡ ಒಡೆದರೆ ನಾನು ಅವ್ವನ ಹತ್ತಿರ ಹೋಗಬಹುದು.

ಅಂದಿನಿಂದ ನನ್ನ ಜೀವವೆಲ್ಲ ಆ ಗಡಿಗೆಯಲ್ಲಿ. ಹಾಕಿದ ನೀರು ತಳದ ಬಿರುಕಿನಿಂದ ಸೋರಿ ಹೋಗುವುದನ್ನು ನೋಡಿ ಹೊಟ್ಟೆ ಉರಿಯಿತು. ಸೋರದ ಹೊಸ ಗಡಿಗೆ ತಂದೆ. ಎಲ್ಲಕ್ಕಿಂತ ಒಳ್ಳೆಯ ಮಣ್ಣು ಗದ್ದೆಯದೇ ಅಲ್ಲವೇ ಎಂದು ಬೆಣ್ಣೆಯಂತಹ ಕೆಸರು ಮಣ್ಣನ್ನು ತುಂಬಿ ಗಿಡ ನೆಟ್ಟೆ. ಬೆಳಿಗ್ಗೆ ಎದ್ದು ಒಂದು ಚರಿಗೆ, ಗದ್ದೆಯಿಂದ ಬಂದು ಒಂದು ಚರಿಗೆ. ನಮ್ಮೂರಲ್ಲಿ ಅಷ್ಟು ನೀರು ಮನುಷ್ಯರಿಗೂ ಸಿಗುತ್ತಿರಲಿಲ್ಲ. ಅಷ್ಟು ಕೊಟ್ಟರೆ ಯಾವ ಗಿಡ ತಾನೇ ಮರಿ ಹಾಕದೆ ಇರುತ್ತದೆ!

ಕೆಲವು ದಿನ ಎಲೆಗಳು ಉಬ್ಬಿದವು, ನಾನೂ ಉಬ್ಬಿದೆ. ಆಮೇಲೆ ಬಣ್ಣ ಇಳಿಯಿತು. ಬುಡದ ಎಲೆ ಮುಟ್ಟಿದರೆ ನೀರು ತುಂಬಿದ ಗುಳ್ಳೆಯಂತೆ ಮೆತ್ತಗಿತ್ತು. ಮೇಲಿನ ಎಲೆ ಸುಕ್ಕಾಗಿ ಬಾಗಿತು. ನೀರಡಿಸಿದವರ ತುಟಿಯಂತೆ ಕಂಡಿತು ನನಗೆ, ಇನ್ನೊಂದು ಚರಿಗೆ ಸುರಿದೆ. ಇದೇ ಲೋಳೆಸರದ ಜಾತಿಯ ಗಿಡಗಳ ಮೋಸ. ಬೇರು ಕೊಳೆತಾಗಲೂ ಅವು ಬಾಯಾರಿದಂತೆಯೇ ಕಾಣುತ್ತವೆ, ಏಕೆಂದರೆ ಕೊಳೆತ ಬೇರು ನೀರಿನಲ್ಲಿ ನಿಂತರೂ ಕುಡಿಯಲಾರದು. ಒಂದು ಬೆಳಿಗ್ಗೆ ಎಲೆ ಹಿಡಿದು ನೆಟ್ಟಗೆ ಮಾಡಲು ಹೋದೆ, ಇಡೀ ಗಿಡ ನನ್ನ ಕೈಗೇ ಬಂತು. ಕೆಟ್ಟ ವಾಸನೆ. ಅಲ್ಲೇ ಕೂತು ದನಿ ತೆಗೆದು ಅಳತೊಡಗಿದೆ.

ಅತ್ತೆ ಏನಾಯಿತೋ ಎಂದು ಓಡಿ ಬಂದರು. ಗಿಡ ನೋಡಿದರು, ಗಡಿಗೆಯೊಳಗೆ ಕೈ ಹಾಕಿ ಮಣ್ಣು ಹಿಂಡಿದರು, ನೀರು ಇಳಿಯಿತು.

"ಎಷ್ಟು ನೀರು ಹಾಕಿದ್ದೀ?"

"ಭಾಳ ಹಾಕಿದ್ದೀನ್ರಿ ಅತ್ತಿ. ಜಲ್ದಿ ಮರಿ ಬರ್ಲಿ ಅಂತ."

ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಗುಡ್ಡದ ಕಡೆ ಕೈ ತೋರಿಸಿದರು. ಸಾಣಾಪುರದ ಸುತ್ತ ಎಲ್ಲ ಕಲ್ಲೇ, ಕಲ್ಲಿನ ಸಂದಿಗಳಲ್ಲಿ ಕಳ್ಳಿ. "ಅಲ್ಲಿ ಹೋಗಿ ಯಾರು ನೀರು ಹಾಕ್ತಾರ ಹೇಳು? ಇದೂ ಅದರ ಕುಲದ್ದ. ಹೊಟ್ಟಿಯೊಳಗ ನೀರು ಇಟಗೊಂಡ ಹುಟ್ಟೈತಿ. ಬುಡದಾಗ ನೀರು ನಿಂತ್ರ ಅದಕ್ಕ ಉಸಿರು ಕಟ್ಟತೈತಿ."

ಈಳಿಗೆ ತಂದು ಕೂತರು. ಕಪ್ಪಾದ ಬೇರುಗಳನ್ನು ಎಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿಯುತ್ತಿತ್ತು. ಅವನ್ನೆಲ್ಲ ತೆಗೆದರು. ಬುಡವನ್ನು ಚೂರು ಚೂರೇ ಕೊಯ್ಯುತ್ತ ಹೋದರು. ಪ್ರತಿ ಸಲ ಕಂದು ಕಲೆ ಕಾಣುತ್ತಿತ್ತು, ಈಳಿಗೆ ಒರೆಸಿ ಮತ್ತೆ ಕೊಯ್ಯುತ್ತಿದ್ದರು. ನನಗೆ ಗಿಡವೇ ಮುಗಿದು ಹೋಗುತ್ತದೆ ಎನಿಸಿತು. "ಸಾಕ್ರಿ ಅತ್ತಿ" ಎಂದೆ. "ಸ್ವಲ್ಪ ಕೊಳಿ ಉಳಿದ್ರೂ ಮ್ಯಾಲೇರತೈತಿ" ಎಂದು ಬಿಳಿಹಸಿರು ತಿರುಳು ಚೊಕ್ಕವಾಗಿ ಕಾಣುವವರೆಗೂ ಬಿಡಲಿಲ್ಲ. ಗಾಯಕ್ಕೆ ಒಲೆಯ ತಣ್ಣನೆಯ ಬೂದಿ ಹಚ್ಚಿದರು. ಉಳಿದದ್ದು ನಡುವಿನ ನಾಲ್ಕಾರು ಎಲೆ. ಅದನ್ನು ದಾರದಿಂದ ಕಟ್ಟಿ ಬಾಗಿಲ ಮೇಲೆ ತಲೆಕೆಳಗಾಗಿ ತೂಗು ಹಾಕಿದರು.

ದೃಷ್ಟಿ ತಾಗದಿರಲಿ ಎಂದು ಬಾಗಿಲಿಗೆ ಲೋಳೆಸರ ಕಟ್ಟುವುದು ನಮ್ಮ ಸೀಮೆಯ ಎಲ್ಲ ಮನೆಗಳಲ್ಲೂ ಉಂಟು. ಮಣ್ಣಿಲ್ಲದೆ, ನೀರಿಲ್ಲದೆ ಅದು ತಿಂಗಳುಗಟ್ಟಲೆ ಹಸಿರಾಗಿರುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನೋಡಿಯೂ ಬುದ್ಧಿ ಬಂದಿರಲಿಲ್ಲ. ಈಗ ನೆರಳಲ್ಲಿ, ಗಾಳಿಯಲ್ಲಿ ಅದರ ಗಾಯ ಮೆಲ್ಲಗೆ ಒಣಗಿ ತೊಗಲಿನಂತೆ ಬಿಗಿಯಿತು. ಗದ್ದೆಗೆ ಹೋಗುವಾಗ, ಬರುವಾಗ ಅದರ ಕೆಳಗೇ ಹಾದು ಹೋಗುತ್ತಿದ್ದೆ. ನೀರು ಚಿಮುಕಿಸಲು ಕೈ ತುರಿಸುತ್ತಿತ್ತು. ಪಂಚಮಿ ಬಂತು, ಹೋಯಿತು. ಮರಿಯ ಮಾತು ನಾನೂ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ.

ಕೊನೆಯ ಗದ್ದೆಯ ನಾಟಿ ಮುಗಿದ ಮರುದಿನ ಅತ್ತೆ ಗಿಡ ಇಳಿಸಿದರು. ಬುಡದಲ್ಲಿ ಅಕ್ಕಿಕಾಳಿನಷ್ಟು ಹೊಸ ಬೇರು ಇಣುಕಿತ್ತು. ಹಳೆ ಬಟ್ಟೆಯಲ್ಲಿ ಸುತ್ತಿ ನನ್ನ ಉಡಿಗೆ ಹಾಕಿದರು.

"ಮರಿ ಇಲ್ಲ, ಏನಿಲ್ಲ, ಇದನ್ನ ಒಯ್ಯಿ. ಗಾಡಿ ಕಟ್ಟಾಕ ಹೇಳೀನಿ. ತಳ ಒಡಕ ಇದ್ದ ಗಡಿಗಿಯೊಳಗ ಹಚ್ಚು. ಕೆಳಗ ಒಡದ ಗಡಿಗಿ ಬೋಕಿ ಚೂರು, ಮ್ಯಾಲೆ ಹಳ್ಳದ ಉಸುಕು. ನೀರು ಹಾಕೂಕಿಂತ ಮದಲ ಬೆರಳು ಇಟ್ಟು ನೋಡು, ತಂಪು ಹತ್ತಿದ್ರ ಹಾಕಬ್ಯಾಡ."

ನಾನು ಬಾಗಿ ಅವರ ಕಾಲು ಮುಟ್ಟಿದೆ. ಅವರು ನಗುತ್ತ ಅಂದರು, "ಯಲಬುರ್ಗಿ ಕಡೆ ಲೋಳಸರ ಸತ್ತು ಹೋತಂತ! ಸಾಯಬೇಕಂದ್ರ ಅದು ನಮ್ಮೂರಿಗೇ ಬರಬೇಕು. ನಿಮ್ಮವ್ವ ಶ್ಯಾಣೆಕಿ ಅದಾಳ."

"ನಮ್ಮವ್ವ ಸುಳ್ಳು ಹೇಳಾಕಿ ಅಲ್ರಿ" ಎಂದು ನಾನು ಸಿಟ್ಟಿಗೆದ್ದೆ.

"ಹೂಂ, ಹೋಗಿ ನೋಡು."

ರಾತ್ರಿ ಕೊಪ್ಪಳದಲ್ಲಿ ತಂಗಿ ನಾನೂ ಗಾಡಿ ಹೊಡೆಯುವ ಆಳೂ ಊರು ಮುಟ್ಟಿದಾಗ ಅವ್ವ ಹಳ್ಳಕ್ಕೆ ಹೋಗಿದ್ದಳು. ನಾನು ಹಿತ್ತಲ ಬಾಗಿಲು ತೆರೆದೆ. ಗೋಡೆಗುಂಟ ಈ ತುದಿಯಿಂದ ಆ ತುದಿಯವರೆಗೆ ಲೋಳೆಸರ. ಪ್ರತಿ ಗಿಡದ ಸುತ್ತ ಮರಿಗಳು, ಕಾಲಿಡಲು ಜಾಗವಿಲ್ಲ. ಅವ್ವ ಕೊಡ ಹೊತ್ತು ಬಂದವಳು ನನ್ನನ್ನು ಕಂಡು ಹಾಗೆಯೇ ನಿಂತಳು. ಅವಳ ಕಣ್ಣುಗಳಿಗೆ ಏನೂ ಆಗಿರಲಿಲ್ಲ. ಆಮೇಲೆ ಕೆಂಪಾದವು, ಇಬ್ಬರವೂ.

"ಮತ್ತೇನು ಮಾಡ್ಲಿ? ಬರೇ ನೆನಪಾಗೇತಿ ಅಂದ್ರ ಯಾರು ಕಳಸ್ತಾರ?" ಎಂದಳು ಅವ್ವ.

ನನ್ನ ಗಿಡವನ್ನು ಅತ್ತೆ ಹೇಳಿದಂತೆಯೇ ಉಸುಕಿನಲ್ಲಿ ನೆಟ್ಟೆವು. ಬೇರು ಕೊಳೆಯುವುದೆಂದರೆ ಏನೆಂದೇ ಅವ್ವನಿಗೆ ಗೊತ್ತಿರಲಿಲ್ಲ. ನೀರು ಹೆಚ್ಚಾಗಿ ಗಿಡ ಸಾಯುತ್ತದೆ ಎಂದಾಗ ಅವಳು ನಂಬಲಾರದೆ ಮತ್ತೆ ಮತ್ತೆ ಕೇಳಿದಳು. ಒರತೆಯ ಪಕ್ಕ ಕೂತು ನಾವು ಆಡಿದ ಮಾತಿಗೆ ಲೆಕ್ಕವಿಲ್ಲ. ಕೊಡ ತುಂಬಿದ್ದು ಗೊತ್ತಾಗದೆ ಎಷ್ಟೋ ಸಲ ನೀರು ಚೆಲ್ಲಿತು, ಅವ್ವ ಬೈಯಲಿಲ್ಲ.

ಹೊರಡುವ ದಿನ ಅವಳು ಬುಟ್ಟಿ ತುಂಬ ಮರಿ ಕಿತ್ತಿಟ್ಟಿದ್ದಳು.

"ಬ್ಯಾಡವ್ವ" ಎಂದೆ. "ಇವನ್ನ ಒಯ್ದ್ರ ಮುಂದಿನ ಸಲ ಏನಂತ ಹೇಳಿ ಬರ್ಲಿ? ಇಲ್ಲೇ ಇರ್ಲಿ. ಮಗಳ ಗಿಡ ಮರಿ ಹಾಕೈತಿ, ಬಂದು ಒಯ್ಯಲಿ ಅಂತ ಖಬರ ಕಳಸು."

ಅವ್ವ ನಕ್ಕು ಮರಿಗಳನ್ನೆಲ್ಲ ತಿರುಗಿ ನೆಟ್ಟಳು. ನಾನು ಗಾಡಿ ಹತ್ತಿದೆ.

ಆ ಚಳಿಗಾಲ ನೆಲ್ಲು ಕಣಕ್ಕೆ ಬಂದಿತ್ತು. ನಾನು ರಾಶಿಯ ಹತ್ತಿರ ಮೊರದಲ್ಲಿ ನೆಲ್ಲು ತೂರುತ್ತ ನಿಂತಿದ್ದೆ. ದಾರಿಯಲ್ಲಿ ಕಾಕಾ ಬರುವುದು ಕಂಡಿತು. ಅವ್ವ ಪಂಚಮಿಯವರೆಗೂ ತಡೆಯಲಾರದೆ ಕಳಿಸಿಬಿಟ್ಟಿದ್ದಾಳೆ ಎಂದು ನಗು ಬಂತು. ಮೊರ ಎಸೆದು ಓಡಿದೆ.

"ಮರಿ ಹಾಕೈತೇನೋ ಕಾಕಾ?"

ಕಾಕಾ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತ. ನನ್ನ ಹಿಂದೆಯೇ ಬಂದಿದ್ದ ಅತ್ತೆ ಅವನ ಮುಖ ನೋಡಿ ನನ್ನ ಭುಜ ಹಿಡಿದುಕೊಂಡರು, ಮಣ್ಣಿಗೆ ಹೋಗಬೇಕು, ಗಾಡಿ ಕಟ್ಟಿ ಎಂದು ಕಣದವರಿಗೆ ಕೂಗಿದರು. ರಾಶಿ ಅರ್ಧಕ್ಕೇ ಬಿಟ್ಟು ಎಲ್ಲರೂ ಎದ್ದರು. ಆ ಸಲ ನನ್ನನ್ನು ಕಳಿಸಲು ಯಾರೂ ನೆವ ಕೇಳಲಿಲ್ಲ.