ಕಾಕಾನ ದುರ್ಬೀನು

ನೀರಿಗೆ ಸುರಿದ ಪುಡಿ ಕರಗುತ್ತಿದ್ದಂತೆ ನಿಂಬೆಯ ವಾಸನೆ ಮೇಲೆದ್ದಿತು. ನಿಂಬೆಯೆಂದರೆ ನಮ್ಮ ಹಿತ್ತಲಿನ ನಿಂಬೆಯಲ್ಲ. ಯಾವುದೋ ಕಾರಖಾನೆಯವರು ನಿಂಬೆಹಣ್ಣು ಹೇಗಿರುತ್ತದೆಂದು ಯಾರನ್ನೋ ಕೇಳಿ ತಿಳಿದು ಮಾಡಿದ ನಿಂಬೆ. ಬಾಯಿಗೆ ಹಾಕಿದರೆ ಮೊದಲು ಸಿಹಿ, ಹಿಂದಿನಿಂದ ಉಪ್ಪು. ನಾಳೆ ಕೊಲ್ಹಾಪುರದಲ್ಲಿ ನನ್ನ ದೊಡ್ಡ ಕರುಳಿನೊಳಗೆ ನಳಿಗೆ ಬಿಟ್ಟು ನೋಡುವವರಿದ್ದಾರೆ. ಅದಕ್ಕೆ ಕೊಲೊನೋಸ್ಕೋಪಿ ಎಂಬ ದೊಡ್ಡ ಹೆಸರಿದೆ. ನೋಡುವವರಿಗೆ ಒಳಗೆಲ್ಲ ತೊಳೆದಿಟ್ಟಿರಬೇಕಲ್ಲ, ಆದ್ದರಿಂದ ಇವತ್ತು ಈ ನೀರು. ಅತಿಥಿಗಳು ಬರುವ ಮುಂಚೆ ಪಡಸಾಲೆ ಸಾರಿಸಿದ ಹಾಗೆ ಎಂದು ನನ್ನ ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಮಾಸ್ತರಿಕೆ ಮಾಡಿದವನ ಚಾಷ್ಟಿಗೆ ಮನೆಯವರು ನಗುವುದನ್ನು ಎಂದೋ ಬಿಟ್ಟಿರುತ್ತಾರೆ.

ಆದರೆ ಆ ವಾಸನೆ ಅವಳಿಗೂ ತಗುಲಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಕಾಕಾರಿಗೆ ನಾನ ನಿಂಬೆಹಣ್ಣು ಹಿಂಡಿ ಕೊಟ್ಟಿದ್ದೆ, ನೆನಪೈತೇನ್ರಿ?” ಎಂದಳು.

ನೆನಪಿರದೆ ಏನು. ಆಗ ನಾವು ರಾಯಬಾಗದಲ್ಲಿದ್ದೆವು. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಮಾಸ್ತರ. ಬಾಡಿಗೆಯ ಎರಡು ಖೋಲಿಯ ಮನೆ. ಆ ಮನೆಗೆ ಬೇರೆ ಯಾವ ಭಾಗ್ಯವಿಲ್ಲದಿದ್ದರೂ ಹಿಂದೆ ಒಂದು ಸಂಡಾಸವಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಈ ಕಥೆಯೆಲ್ಲ ನಮ್ಮ ಮನೆಗೆ ಬಂದದ್ದೇ ಆ ಸಂಡಾಸದ ದೆಸೆಯಿಂದ.

ಸತ್ಯಪ್ಪ ಕಾಕಾ ನನ್ನ ತಂದೆಯ ತಮ್ಮ. ಚಿಕ್ಕೋಡಿ ಹತ್ತಿರದ ಕರೋಶಿಯಲ್ಲಿ ಸ್ವಲ್ಪ ಹೊಲ, ಎರಡು ಎಮ್ಮೆ, ಹೆಂಡತಿ ಅಂದರೆ ನಮ್ಮ ಕಾಕು, ಮತ್ತು ಯಾವ ಲಗ್ನದ ಊಟದಲ್ಲೂ ಹಿಂದೆ ಸರಿಯದ ಹೊಟ್ಟೆ, ಇಷ್ಟು ಅವನ ಸಂಸಾರ. ಅವನ ಹೋಳಿಗೆಯ ಪಂಥದ ಕಥೆಗಳನ್ನು ಬೀಗರು ತಮ್ಮ ಮಕ್ಕಳಿಗೆ ಹೇಳುತ್ತಿದ್ದರು. ಅವನಿಗೆ ಒಬ್ಬ ಗೆಳೆಯ, ಶಿವಗೊಂಡ. ಕುರಿ ಕಾಯುವವನು. ಒಣಗಿದ ಬಾರುಕೋಲಿನಂಥ ಆಳು, ಮಾತು ಕಡಿಮೆ. ನಾವೆಲ್ಲ ಅವನನ್ನು ಮಾಮಾ ಎನ್ನುತ್ತಿದ್ದೆವು.

ಇವರ ಗೆಳೆತನದ ಜಾಗ ಯಾವುದೆಂದು ಹೇಳಿದರೆ ನೀವು ಮೂಗು ಮುಚ್ಚಬಾರದು. ಆಗ ಹಳ್ಳಿಯ ಮನೆಗಳಲ್ಲಿ ಸಂಡಾಸವೆಲ್ಲಿತ್ತು? ಬೆಳಕು ಹರಿಯುವ ಹೊತ್ತಿಗೆ ಗಂಡಸರು ತಂಬಿಗೆ ಹಿಡಿದು ಹಳ್ಳದ ಕಡೆ ಹೋಗುತ್ತಿದ್ದರು. ಇವರಿಬ್ಬರು ಹುಡುಗರಾಗಿದ್ದಾಗಿನಿಂದ ಜೊತೆಗೇ ಹೋದವರು. ನಡುವೆ ಒಂದು ಜಾಲಿ ಗಿಡವಿಟ್ಟುಕೊಂಡು, ಅತ್ತ ಒಬ್ಬ ಇತ್ತ ಒಬ್ಬ ಕೂತು ಮಾತಾಡುತ್ತಿದ್ದರು. ಮಳೆ, ಎಮ್ಮೆ, ಊರ ಚುನಾವಣೆ, ಯಾರ ಮಗಳನ್ನು ಯಾವ ಊರಿಗೆ ಕೊಡಬೇಕು ಎಲ್ಲವೂ ಅಲ್ಲಿ ತೀರ್ಮಾನವಾಗುತ್ತಿತ್ತು. ನನ್ನ ಲಗ್ನದ ಮಾತು ಮೊದಲು ಎದ್ದದ್ದೂ ಅಲ್ಲೇ ಎಂದು ಕಾಕಾ ಹೇಳುತ್ತಿದ್ದ. ಅದನ್ನು ನಾನು ಹೆಂಡತಿಗೆ ಹೇಳಿಲ್ಲ.

ಒಂದು ಬೇಸಿಗೆಯಲ್ಲಿ ಈ ಜೋಡಿ ಮುರಿಯಿತು. ಕಾಕಾ ಒಬ್ಬನೇ ಇನ್ನೂ ಮಬ್ಬಿರುವಾಗ ಕೆರೆಯ ಕಡೆ ಹೋಗತೊಡಗಿದ. ಅವನಿಗೆ ರಕ್ತ ಬೀಳುತ್ತಿತ್ತು. ಮೂಲವ್ಯಾಧಿ ಇರಬೇಕು ಎಂದುಕೊಂಡು, ಖಾರ ಬಿಟ್ಟ, ಮಜ್ಜಿಗೆ ಕುಡಿದ, ಯಾರೋ ಹೇಳಿದ ಬೇರು ಅರೆದು ನುಂಗಿದ. ಬಾಯಿ ಮಾತ್ರ ಬಿಡಲಿಲ್ಲ. ಜಗತ್ತಿನ ಎಲ್ಲ ಮಾತನ್ನೂ ಜಾಲಿ ಗಿಡದ ಆಚೆಯವನಿಗೆ ಹೇಳಿದವನಿಗೆ ಈ ಒಂದು ಮಾತು ಹೇಳಲಾಗಲಿಲ್ಲ. ಗೆಳೆಯ ತಾನಾಗಿ ಬಂದು, ಯಾಕೆ ಬರುತ್ತಿಲ್ಲ ಎಂದು ಕೇಳಿಯಾನು ಎಂದು ಕಾದ. ಶಿವಗೊಂಡ ಮಾಮಾ ಕೇಳಲಿಲ್ಲ. ಯಾವುದಕ್ಕೋ ಸಿಟ್ಟಾಗಿದ್ದಾನೆ ಎಂದು ಕಾಕಾ ತಿಳಿದ. ಕಟ್ಟೆಯ ಮೇಲೆ ಸಿಕ್ಕಾಗ ಇಬ್ಬರೂ ಮೊದಲಿನಂತೆಯೇ ಎಲೆ ಅಡಿಕೆ ಹಂಚಿಕೊಳ್ಳುತ್ತಿದ್ದರು. ಬೆಳಗಿನ ವಿಷಯ ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಧೋತರ ಒಗೆಯುವಾಗ ಕಲೆ ನೋಡಿದ ಕಾಕು ನನ್ನ ಹೆಂಡತಿಗೆ ಹೇಳಿದಳು, ಅವಳು ನನಗೆ ಹೇಳಿದಳು. ನಾನು ಕಾಕಾನನ್ನು ಕರೆಸಿ ರಾಯಬಾಗದ ಡಾಕ್ಟರರ ಹತ್ತಿರ ಕರೆದೊಯ್ದೆ. ಅವರು ಪರೀಕ್ಷಿಸಿ, ಇದು ಬರೀ ಮೂಲವ್ಯಾಧಿಯಂತೆ ಕಾಣುವುದಿಲ್ಲ, ಮಿರಜಿಗೆ ಹೋಗಿ ದುರ್ಬೀನು ಹಾಕಿಸಿ ನೋಡಿರಿ ಎಂದರು. ನಮ್ಮ ಕಡೆ ಮರಾಠಿಯ ಆ ಶಬ್ದವೇ ರೂಢಿ. ಒಳಗೆ ನಳಿಗೆ ಬಿಟ್ಟು ನೋಡುವುದೆಲ್ಲ ದುರ್ಬೀನು.

ಅದೇ ಹೊತ್ತಿಗೆ ಸಂತೆಗೆ ಬಂದಿದ್ದ ಶಿವಗೊಂಡ ಮಾಮಾ, ಕಾಕಾ ದವಾಖಾನೆಗೆ ಹೋಗಿದ್ದಾನೆಂದು ಕೇಳಿ ಬಾಗಿಲಿಗೆ ಬಂದ. ಕಂಪೌಂಡರ ದೊಡ್ಡ ದನಿಯಲ್ಲಿ ಮಿರಜು, ದುರ್ಬೀನು ಎಂದು ನಮಗೆ ತಾರೀಖು ತಿಳಿಸುತ್ತಿದ್ದ. ಮಾಮಾ ಗಾಬರಿಯಾಗಿ, “ಸತ್ಯಾ, ಕಣ್ಣಿಗೇನಾತೋ?” ಎಂದ. ದುರ್ಬೀನು ಎಂದರೆ ಅವನಿಗೆ ಕಣ್ಣು. ಮಿರಜು ಎಂದರೂ ಕಣ್ಣೇ. ಊರಿನ ಅರ್ಧ ಮುದುಕರು ಅಲ್ಲೇ ಪೊರೆ ತೆಗೆಸಿಕೊಂಡು ಬಂದಿದ್ದರು.

ಕಾಕಾ ನನ್ನ ಕಡೆ ನೋಡಿದ. ಆಮೇಲೆ ಹೌದು, ಸ್ವಲ್ಪ ಮಬ್ಬಾಗೇತಿ ಎಂದುಬಿಟ್ಟ. ಅವನು ಹುಡುಕಿ ಹೇಳಿದ ಸುಳ್ಳಲ್ಲ ಅದು. ದಾರಿಯಲ್ಲಿ ಸಿಕ್ಕಿತು, ಎತ್ತಿಕೊಂಡ.

ಆದರೆ ಆ ಸುಳ್ಳಿನಿಂದ ಒಂದು ತೊಡಕಾಯಿತು. ಕಣ್ಣಿಗೆ ಔಷಧ ಹಾಕಿದ ಮೇಲೆ ದಾರಿ ಕಾಣುವುದಿಲ್ಲ, ಕೈ ಹಿಡಿಯಲು ಆಳು ಬೇಕು ಎಂದು ಮಾಮಾ ತಾನೂ ಹೊರಟು ನಿಂತ. ಕುರಿಗಳನ್ನು ಭಾವಮೈದುನನಿಗೆ ಒಪ್ಪಿಸಿ, ಕಂಬಳಿ ಹೆಗಲಿಗೆ ಹಾಕಿ, ಕಾಕಾನ ಜೊತೆ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ತಪಾಸಣೆಯ ಹಿಂದಿನ ದಿನ ನಮ್ಮ ಮನೆಗೆ ಬಂದಿಳಿದ. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಆ ದಿನ ಕಾಕಾ ಗಂಜಿಯ ತಿಳಿ, ಎಳನೀರು, ಹಾಲಿಲ್ಲದ ಚಹಾ ಇಷ್ಟನ್ನೇ ಕುಡಿಯಬೇಕಿತ್ತು. ಕರಿ ಚಹಾದ ಬಟ್ಟಲು ನೋಡಿ, ಇದು ಚಹಾ ಅಲ್ಲ, ಚಹಾದ ತಿಥಿ ಎಂದ. ಎದುರಿಗೆ ಶಿವಗೊಂಡ ಮಾಮಾನಿಗೆ ನನ್ನ ಹೆಂಡತಿ ರೊಟ್ಟಿ, ಝುಣಕ ಬಡಿಸಿದ್ದಳು. ಮಾಮಾ ಅರ್ಧ ರೊಟ್ಟಿ ತಿಂದು ತಾಟು ಸರಿಸಿದ. ಗೆಳೆಯ ಉಪವಾಸವಿರುವಾಗ ಸೇರುವುದಿಲ್ಲ ಎಂದ. ನಾವು ಅದನ್ನು ನಂಬಿದೆವು, ಮೆಚ್ಚಿದೆವು ಕೂಡ.

ಸಂಜೆ ಪುಡಿಯ ನೀರು ಶುರುವಾಯಿತು. ಆಗಿನ ಪುಡಿಗೆ ನಿಂಬೆಯ ನೆವವೂ ಇರಲಿಲ್ಲ, ಬರೀ ಉಪ್ಪು. ಹೆಂಡತಿ ನಿಂಬೆ ಹಿಂಡಿ ಕೊಟ್ಟಳು. ಒಂದು ಗ್ಲಾಸು, ಸ್ವಲ್ಪ ಹೊತ್ತು, ಮತ್ತೊಂದು ಗ್ಲಾಸು. ನಂತರ ಕಾಕಾ ಎದ್ದು ಹಿತ್ತಲಿಗೆ ಹೋಗುವುದು, ಬರುವುದು, ಪೂರ್ತಿ ಕೂಡುವ ಮೊದಲೇ ಮತ್ತೆ ಏಳುವುದು. ಬಾವಿಯ ರಾಡಿ ತೆಗೆದಂತೆ, ತಿಳಿನೀರು ಬರುವ ತನಕ ಬಿಡಬಾರದೆಂದು ಡಾಕ್ಟರರ ಆಜ್ಞೆ. ಕಣ್ಣಿನ ತಪಾಸಣೆಗೆ ಇದೆಲ್ಲ ಯಾಕೆಂದು ಮಾಮಾ ಕೇಳಿದರೆ ಏನು ಹೇಳುವುದೆಂದು ನಾನು ಉತ್ತರ ಹೊಂದಿಸುತ್ತಿದ್ದೆ. ಅವನು ಕೇಳಲೇ ಇಲ್ಲ. ತಾನೇ ಉತ್ತರ ಹೇಳಿಕೊಂಡ. ಕಣ್ಣಿನ ಬೇನೆ ಹುಟ್ಟುವುದು ಹೊಟ್ಟೆಯಲ್ಲಿ, ಅಲ್ಲಿಯ ಉಷ್ಣವೇ ನೆತ್ತಿಗೇರಿ ಕಣ್ಣಿಗಿಳಿಯುತ್ತದೆ, ಮಿರಜಿನ ಡಾಕ್ಟರರು ಶಾಣ್ಯಾರು ಎಂದ.

ಕಾಕಾ ಮುಖ ಸಿಂಡರಿಸುತ್ತ ಇನ್ನೊಂದು ಗ್ಲಾಸು ಎತ್ತಿದಾಗ, ಗೋಡೆಗೊರಗಿ ಕೂತಿದ್ದ ಮಾಮಾ ಮೆಲ್ಲಗೆ ಅಂದ:

“ಸತ್ಯಾ, ನನಗೂ ಒಂದ ಗ್ಲಾಸ ಕೊಡಲೇ. ನಂದೂ ಹೊಟ್ಟಿ ನೆಟ್ಟಗಿಲ್ಲ.”

ಕಾಕಾ ನಕ್ಕ. “ಕಣ್ಣಿನ ಔಷಧ ಕುಡದ ನೀ ಏನ ಮಾಡ್ತಿ? ಕುರಿ ಎಣಸಾಕ ನಿನ್ನ ಕಣ್ಣ ಚಲೋನ ಅದಾವು,” ಎಂದು ಗ್ಲಾಸು ಖಾಲಿ ಮಾಡಿ ಹಿತ್ತಲಿಗೆ ಓಡಿದ. ಮಾಮಾನೂ ನಕ್ಕ. ಮುಂದೆ ಮಾತು ಬೆಳೆಯಲಿಲ್ಲ.

ಮರುದಿನ ರೈಲಿನಲ್ಲಿ ಮಿರಜಿಗೆ ಹೋದೆವು. ಮಾಮಾನನ್ನು ದವಾಖಾನೆಯ ಅಂಗಳದ ಬೇವಿನ ಮರದ ಕೆಳಗೆ ಕೂಡಿಸಿ ಒಳಗೆ ಹೋದೆವು. ಕಾಕಾನಿಗೆ ಹಿಂದೆ ಸೀಳಿದ್ದ ಅಂಗಿ ತೊಡಿಸಿದರು. ಹೊಲದಲ್ಲಿ ಹಾವಿಗೂ ಹೆದರದ ಮನುಷ್ಯ ಒಂದು ಕೈಯಲ್ಲಿ ಅಂಗಿಯ ಸೀಳು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಬಾಗಿಲ ತನಕ ಹೋದ. ನಂತರ ಡಾಕ್ಟರರು ನನ್ನನ್ನು ಕರೆದು, ಒಳಗೆ ದ್ರಾಕ್ಷಿಯಂಥ ಒಂದು ಗಂಟಿತ್ತು, ನಳಿಗೆಯಿಂದಲೇ ತೆಗೆದೆವು, ಹಾಗೇ ಬಿಟ್ಟಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದಿತ್ತು, ಒಳ್ಳೆಯ ವೇಳೆಗೆ ಬಂದಿರಿ ಎಂದರು. ಕಾಕಾನಿಗೆ ಹೇಳಿದೆ. ಅವನು ಔಷಧದ ಮಂಪರಿನಲ್ಲೇ ಕೈ ಮುಗಿದ.

ಹೊರಗೆ ಬಂದಾಗ ಮಾಮಾ ಎದ್ದು ಬಂದು ಕಾಕಾನ ಕೈ ಹಿಡಿದ. ಕಲ್ಲು ಐತಿ, ಮೆಟ್ಟಲ ಐತಿ, ಸಾವಕಾಶ ಎನ್ನುತ್ತ ಸ್ಟೇಶನ್ನಿನ ತನಕ ನಡೆಸಿದ. ಕಾಕಾ ಕಣ್ಣು ಅರೆಮುಚ್ಚಿ ನಡೆದ. ಬಿಸಿಲಲ್ಲಿ ಆ ಇಬ್ಬರ ಹಿಂದೆ ಹೋಗುವಾಗ ನನಗೆ ನಗು ಬರುತ್ತಿತ್ತು. ನಂತರದ ದಿನಗಳಲ್ಲಿ ಅದನ್ನು ನೆನೆದು ನಗಲಾಗಲಿಲ್ಲ.

ಮುಂದಿನ ವರ್ಷ, ಕಬ್ಬು ಕಡಿಯುವ ಕಾಲಕ್ಕೆ, ಶಿವಗೊಂಡ ಮಾಮಾ ಕುರಿಗಳ ಹಿಂದೆ ನಡೆಯಲಾರದಾದ. ಅನ್ನ ಸೇರುತ್ತಿರಲಿಲ್ಲ, ಹೊಟ್ಟೆ ಉಬ್ಬಿತ್ತು. ಅವನ ಮಗ ಮತ್ತು ಕಾಕಾ ಸೇರಿ ಮಿರಜಿಗೆ ಕರೆದೊಯ್ದರು. ಡಾಕ್ಟರರು ಹೊಟ್ಟೆ ತೆರೆದು ನೋಡಿ ಮತ್ತೆ ಹೊಲಿದರು. ಗಂಟು ಕರುಳಿನಿಂದ ಹೊರಟು ಯಕೃತ್ತಿನ ತನಕ ಹಬ್ಬಿತ್ತು.

ನಾನು ನೋಡಲು ಹೋದ ದಿನ ಕಾಕಾ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ. ಮಾಮಾನಿಗೂ ರಕ್ತ ಬೀಳುತ್ತಿತ್ತೆಂದು ಡಾಕ್ಟರರಿಂದ ತಿಳಿದು, ಅದು ಎಂದಿನಿಂದ ಎಂದು ಕಾಕಾ ಆಗಷ್ಟೇ ಕೇಳಿದ್ದ. ಮಾಮಾ ಮೇಲಿನ ಫ್ಯಾನು ನೋಡುತ್ತ, ನೀನು ಕಣ್ಣು ತೋರಿಸಲು ಬಂದೆಯಲ್ಲ, ಅದಕ್ಕಿಂತ ಮೊದಲಿನಿಂದ ಇತ್ತು, ಅದಕ್ಕೇ ನಾನು ಹಳ್ಳದ ಕಡೆ ಬರುವುದನ್ನು ಬಿಟ್ಟೆ, ನೀನು ಸಿಟ್ಟಾದೆಯೇನೋ ಎಂದುಕೊಂಡಿದ್ದೆ ಎಂದ.

ಹಾಗಾದರೆ ಆ ಬೇಸಿಗೆಯೆಲ್ಲ ಜಾಲಿ ಗಿಡದ ಎರಡೂ ಕಡೆ ಯಾರೂ ಇರಲಿಲ್ಲ. ಇಬ್ಬರೂ ಒಂದೇ ಬೇನೆ ಹೊತ್ತು, ಒಬ್ಬರಿಗೊಬ್ಬರು ಕಾಣದಂತೆ ಬೇರೆ ಬೇರೆ ದಿಕ್ಕಿಗೆ ಹೋಗಿದ್ದರು. ಕೊನೆಗೆ ಕಾಕಾ ಅಂದ:

“ನಾ ಕಣ್ಣಿಗೆ ಬಂದಿದ್ದಿಲ್ಲೋ ಶಿವಗೊಂಡ. ಇದಕ್ಕ ಬಂದಿದ್ದೆ. ನನಗೂ ಇದ ಇತ್ತು.”

ಮಾಮಾ ತಲೆ ತಿರುಗಿಸಿ ಅವನನ್ನೇ ನೋಡಿದ. ಸಿಟ್ಟು ಬರುತ್ತದೆಂದು ನಾನು ಕಾದೆ. ಬರಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಬಂದಿದ್ದರೆ ಕಾಕಾನಿಗೆ ಹಗುರಾಗುತ್ತಿತ್ತು.

“ಅಂದ್ರ ನಿನ್ನ ಕಣ್ಣ ಚಲೋ ಅದಾವು,” ಎಂದ ಮಾಮಾ. “ನಾ ಸುಮ್ನ ಚಿಂತಿ ಮಾಡಿದೆ.”

ಮಳೆಗಾಲಕ್ಕೆ ಮೊದಲೇ ಅವನು ತೀರಿಕೊಂಡ. ಕಾಕಾ ಆಮೇಲೂ ಬಹಳ ವರ್ಷ ಬದುಕಿದ. ಡಾಕ್ಟರರು ಹೇಳಿದಾಗೆಲ್ಲ ಮಿರಜಿಗೆ ಹೋಗಿ ದುರ್ಬೀನು ಹಾಕಿಸಿಕೊಂಡ. ಹಿಂದಿನ ದಿನ ನಮ್ಮ ಮನೆಯಲ್ಲೇ ಉಳಿಯುತ್ತಿದ್ದ. ಪುಡಿಯ ನೀರು ಕುಡಿಯುತ್ತ ಗೋಡೆಯ ಕಡೆ ನೋಡಿ, ಅವನು ಕೇಳಿದಾಗ ಒಂದು ಗ್ಲಾಸು ಕೊಟ್ಟಿದ್ದರೆ ಏನಾಗುತ್ತಿತ್ತು ಎನ್ನುತ್ತಿದ್ದ. “ಕುಡದಿದ್ರ, ಯಾಕ ನೆಟ್ಟಗಿಲ್ಲ ನಿನ್ನ ಹೊಟ್ಟಿ ಅಂತ ನಾ ಕೇಳತಿದ್ನೆಪಾ ತಮ್ಮಾ. ಕೇಳಿದ್ರ ಅಂವಾ ಹೇಳತಿದ್ದ.” ಆಗಲೇ ಬೆಳೆದಿತ್ತೋ ಏನೋ, ಯಾರಿಗೆ ಗೊತ್ತು ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಮಾಸ್ತರರ ಮಾತನ್ನು ಹಳ್ಳಿಯವರು ಹೇಗೆ ಕೇಳುತ್ತಾರೋ ಹಾಗೆ ಕೇಳುತ್ತಿದ್ದ: ಗೌರವದಿಂದ, ಒಪ್ಪದೆ.

ಇಷ್ಟೆಲ್ಲ ನೆನೆಯುತ್ತ ಕೂತಿರುವಾಗ ಗೇಟಿನ ಸಪ್ಪಳವಾಯಿತು. ಈಗ ನಾವಿರುವುದು ನಿಪ್ಪಾಣಿಯಲ್ಲಿ. ತಂಬಾಕಿನ ವಖಾರದಲ್ಲಿ ಲೆಕ್ಕ ಬರೆದು ನಿವೃತ್ತರಾದ ಚವ್ಹಾಣರು ದಿನಾ ಸಂಜೆ ನನ್ನನ್ನು ವಾಕಿಂಗಿಗೆ ಕರೆಯಲು ಬರುತ್ತಾರೆ. ನಾನು ಏಳುವ ಮೊದಲೇ ಹೆಂಡತಿ ಕಿಟಕಿಯಿಂದ, ಅವರಿಗೆ ನೆಗಡಿಯಾಗಿದೆ, ಇವತ್ತು ಬರುವುದಿಲ್ಲ ಎಂದು ಹೇಳಿಬಿಟ್ಟಳು. ನನ್ನ ಮಾನ ಕಾಯಲೆಂದೇ ಹೇಳಿದ್ದು, ಪಾಪ. ಚವ್ಹಾಣರು ಆಗಲಿ ಎಂದು ತಿರುಗಿದರು.

ನಾನು ಚಪ್ಪಲಿ ಸಹ ಹಾಕಿಕೊಳ್ಳದೆ ಅಂಗಳಕ್ಕೆ ಹೋದೆ. “ನೆಗಡಿ ಅಲ್ರಿ, ಚವ್ಹಾಣರ,” ಎಂದು ಕರೆದು ನಿಲ್ಲಿಸಿದೆ. ರಕ್ತ ಬಿದ್ದದ್ದು, ಡಾಕ್ಟರರಿಗೆ ತೋರಿಸಿದ್ದು, ನಾಳೆಯ ತಪಾಸಣೆ, ಇವತ್ತಿನ ಔಷಧ ಎಲ್ಲವನ್ನೂ ಹೇಳಿದೆ. ದನಿ ತಗ್ಗಿಸಲಿಲ್ಲ, ಎದುರುಮನೆಯವರಿಗೂ ಕೇಳಿಸಿರಬೇಕು. ಮುಖ ಬಿಸಿಯಾದದ್ದು ನಿಜ.

ಚವ್ಹಾಣರು ಗೇಟಿನ ಚಿಲಕವನ್ನು ಹಿಂದೆ ಮುಂದೆ ಆಡಿಸುತ್ತ ನಿಂತರು. ನಂತರ ನನ್ನನ್ನು ನೋಡದೆ, “ಭಾಳ ತ್ರಾಸ ಆಗ್ತೈತೇನ್ರಿ, ಸರ್, ಅದು?” ಎಂದು ಕೇಳಿದರು.

ಆ ದನಿ ನನಗೆ ಗೊತ್ತಿತ್ತು, ಗೋಡೆಗೊರಗಿ ಒಂದು ಗ್ಲಾಸು ಕೇಳಿದವನ ದನಿ. ಬರ್ರಿ, ಕೂಡ್ರಿ ಎಂದು ಕಟ್ಟೆ ತೋರಿಸಿದೆ. ಅಷ್ಟರಲ್ಲಿ ನನ್ನ ಹೊಟ್ಟೆ ಗುಡುಗಿತು. ಎಲ್ಲಿಯೂ ಹೋಗಬೇಡಿರಿ, ಈಗ ಬಂದೆ ಎಂದು ಹೇಳಿ ಒಳಗೆ ಓಡಿದೆ.

ತಿರುಗಿ ಬಂದಾಗ ಚವ್ಹಾಣರು ಕಟ್ಟೆಯ ಮೇಲೆ ಇನ್ನೂ ಕೂತಿದ್ದರು. ಪಕ್ಕದಲ್ಲಿ ಕೂತು, “ಹೇಳ್ರಿ,” ಎಂದೆ.