ಬನ್ಸ್ ಹಿಟ್ಟಿನಲ್ಲಿ ಬಿಜಾಗರಿಯ ಅಚ್ಚು

ನಮಗೊಂದು ದೋಣಿ ಇದೆ ಎಂದು ಹೇಳಿದರೆ ಘಾಟ್ಕೋಪರಿನ ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರು ನನ್ನನ್ನು ಒಂದು ಥರ ನೋಡುತ್ತಾರೆ. ಬಿಳಿ ಹಡಗು, ಕಪ್ಪು ಕನ್ನಡಕ, ಕೈಯಲ್ಲಿ ಜ್ಯೂಸು, ಅವರ ತಲೆಯಲ್ಲಿ ಓಡುವ ಚಿತ್ರ ಅದು. ನಿಜ ಸಂಗತಿ ಬೇರೆ. ಅದು ಬೊರಿವಲಿಯಾಚೆ ಗೊರಾಯಿ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ಭರತ ಬಂದಾಗ ತೇಲಿ, ನೀರು ಇಳಿದಾಗ ಕೆಸರಿನಲ್ಲಿ ಎಮ್ಮೆಯ ಹಾಗೆ ಬಿದ್ದುಕೊಂಡಿರುವ ಹಳೆಯ ಫೈಬರ್ ದೋಣಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರೆ. ನಾವು ಹೋಟೆಲಿನವರು, ಹಿಟ್ಟಿಗೆ ಕೊರತೆ ಇರಲಿಲ್ಲ. ಆದರೆ ಈ ಮಲ್ಲಿಗೆಯನ್ನು ನಾನಂತೂ ಕೇಳಿರಲಿಲ್ಲ.

ತಂದದ್ದು ನಮ್ಮ ಯಜಮಾನರು. ಉಡುಪಿ ಕಡೆಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಮೀಸೆ ಚಿಗುರುವ ಮೊದಲೇ ಮುಂಬಯಿಗೆ ಬಂದು, ಹೋಟೆಲಿನಲ್ಲಿ ತಟ್ಟೆ ತೊಳೆದು, ಮುಂದೆ ಅದೇ ಬೀದಿಯಲ್ಲಿ ಸ್ವಂತ ಹೋಟೆಲು ಹಾಕಿದವರು. ಸಮುದ್ರದ ಋಣ ಹರಿಯಿತು ಎಂದು ನಾನು ತಿಳಿದುಕೊಂಡಿದ್ದೆ. ದಿನಾ ಬೆಳಿಗ್ಗೆ ಬಂದು ಸೆಟ್ ದೋಸೆ ತಿನ್ನುತ್ತಿದ್ದ ಮುದುಕ ಗಿರಾಕಿಯೊಬ್ಬರು ಪುಣೆಯ ಮಗಳ ಮನೆಗೆ ಹೊರಟಾಗ ತಮ್ಮ ದೋಣಿಯನ್ನು ಇವರಿಗೆ ದಾಟಿಸಿದರು. ಬೇರೆಯವರ ಗಿರಾಕಿಗಳು ದೀಪಾವಳಿಗೆ ಮಿಠಾಯಿ ಡಬ್ಬಿ ಕೊಡುತ್ತಾರೆ. ಅಂದಿನಿಂದ ಸೋಮವಾರ ಬಂತೆಂದರೆ ಇವರು ಗಲ್ಲಾ ಬಿಟ್ಟು ಗೊರಾಯಿಗೆ ಓಡುತ್ತಿದ್ದರು. ಸಂಜೆ ಮೀನಿನ ವಾಸನೆ, ಸುಟ್ಟ ಮೂಗು, ಮುಖದ ತುಂಬ ನಗು ಹೊತ್ತು ಬರುತ್ತಿದ್ದರು. ‘ಸವತಿ ಮನೆಯಿಂದ ಬಂದಿರಾ?’ ಎಂದು ನಾನು ಬಾಗಿಲಲ್ಲೇ ಕೇಳುತ್ತಿದ್ದೆ.

ಆಮೇಲೆ ಎದೆಯ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಹೃದಯ ಸರಿಯಾಗಿದೆ, ಇನ್ನು ನಡೆಯಿರಿ, ಕೈಕಾಲು ಆಡಿಸಿ, ಕೆಲಸ ಮಾಡಿ ಎಂದು ಡಾಕ್ಟರು ಹೇಳಿ ಹೇಳಿ ಸೋತರು. ಇವರು ಮನೆಯ ಗ್ಯಾಲರಿಯ ಕುರ್ಚಿ ಹಿಡಿದರು. ಮೆಟ್ರೋ ಹೋಗುವುದನ್ನು ನೋಡುವುದು, ಮೆಟ್ರೋ ಬರುವುದನ್ನು ನೋಡುವುದು. ಗಲ್ಲಾದಲ್ಲಿ ನಮ್ಮ ಮಗಳು ಕೂತಳು. ಅದನ್ನೂ ವಿಚಾರಿಸಲಿಲ್ಲ. ಮೊದಲು ಸಾಂಬಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಬೀದಿಗೆ ಕೇಳುವ ಹಾಗೆ ಬೈಯುತ್ತಿದ್ದ ಮನುಷ್ಯ, ಈಗ ನಾನು ಬಡಿಸಿದ ಉಪ್ಪಿಲ್ಲದ ಸಾರನ್ನು ಸದ್ದಿಲ್ಲದೆ ಉಂಡು ಏಳುತ್ತಿದ್ದರು. ಗಂಡನ ಬೈಗುಳಕ್ಕೆ ಹಂಬಲಿಸುವ ಹೆಂಗಸನ್ನು ನೀವು ನೋಡಿಲ್ಲವಾದರೆ ಆಗ ನಮ್ಮ ಮನೆಗೆ ಬರಬೇಕಿತ್ತು.

ಮೇ ತಿಂಗಳಲ್ಲಿ ಗೊರಾಯಿಯ ಜೆಟ್ಟಿ ನೋಡಿಕೊಳ್ಳುವವನು ಫೋನು ಮಾಡಿದ. ದೋಣಿಯ ಮೂತಿಯ ಕಡೆ, ಒಳಗಿನ ಪುಟ್ಟ ಕೋಣೆಗೆ ಇಳಿಯಲು ಒಂದು ಬಾಗಿಲಿದೆ. ಮೇಲಿನಿಂದ ಪೆಟ್ಟಿಗೆಯ ಮುಚ್ಚಳದ ಹಾಗೆ ಮುಚ್ಚುವಂಥದ್ದು, ಹ್ಯಾಚ್ ಎನ್ನುತ್ತಾರೆ. ಅದರ ಎರಡು ಬಿಜಾಗರಿಗಳಲ್ಲಿ ಒಂದು ಮುರಿದು ನೀರಿಗೆ ಬಿದ್ದಿದೆ, ಇನ್ನೊಂದು ಇವತ್ತೋ ನಾಳೆಯೋ ಎನ್ನುತ್ತಿದೆ, ಮುಚ್ಚಳ ಸೊಟ್ಟಗೆ ಕೂತಿದೆ. ಮಳೆ ಶುರುವಾದರೆ ನೀರು ತುಂಬಿ ನಿಂತಲ್ಲೇ ಮುಳುಗುತ್ತದೆ. ಸರಿ ಮಾಡಿಸಿ, ಇಲ್ಲವಾದರೆ ಮಳೆಗೆ ಮೊದಲು ಒಡೆಸಿಬಿಡುತ್ತೇನೆ ಎಂದ. ನಾನು ಅದನ್ನು ಹಾಗೆಯೇ ಯಜಮಾನರಿಗೆ ಹೇಳಿದೆ. ಎದ್ದು ಕುಣಿದಾಡುತ್ತಾರೆ, ಅವನ ವಂಶವನ್ನೆಲ್ಲ ಜಾಲಾಡುತ್ತಾರೆ ಎಂದುಕೊಂಡಿದ್ದೆ.

‘ಒಡೆಸ್ಲಿ ಬಿಡು,’ ಎಂದರು. ‘ಇನ್ನು ಯಾರಿಗೆ ಬೇಕು ಅದೆಲ್ಲ? ಸಾಕು.’

ನನಗೆ ಹೆದರಿಕೆಯಾಯಿತು. ಆಪರೇಷನ್ ನಡೆಯುವಾಗ ಹೊರಗಿನ ಬೆಂಚಿನಲ್ಲಿ ಕೂತಾಗಲೂ ಅಷ್ಟು ಹೆದರಿರಲಿಲ್ಲ. ಅಲ್ಲಿ ಕೊನೆಯ ಪಕ್ಷ ಒಬ್ಬ ಡಾಕ್ಟರಿದ್ದ. ಇಲ್ಲಿ ಈ ಮನುಷ್ಯ ಬದುಕನ್ನು ಊಟದ ಎಲೆಯ ಹಾಗೆ ಮಡಚಿ ಏಳುವುದರಲ್ಲಿದ್ದರು. ದೋಣಿ ಹೋದರೆ ಇವರನ್ನು ಆ ಕುರ್ಚಿಯಿಂದ ಎಬ್ಬಿಸಲು ನನ್ನ ಹತ್ತಿರ ಬೇರೆ ಏನೂ ಉಳಿಯುವುದಿಲ್ಲ ಎಂದು ಆ ಹೊತ್ತಿಗೆ ಹೊಳೆಯಿತು. ಸವತಿಯ ಪ್ರಾಣ ಉಳಿಸುವ ಹೊಣೆ ನನ್ನ ತಲೆಗೇ ಬಂತು. ಹಣೆಬರಹ.

ಮಗಳು ಫೋನಿನಲ್ಲಿ ಹುಡುಕಿದಳು. ‘ಅಮ್ಮಾ, ಆ ಕಂಪನೀನೇ ಬಂದ್ ಆಗಿದೆ. ಪಾರ್ಟ್ಸ್ ಸಿಗಲ್ಲ, ಭೂಲ್ ಜಾವೋ. ನಯಾ ಹ್ಯಾಚ್ ತಗೋಬೇಕು,’ ಎಂದಳು. ಹೊಸದನ್ನು ಹಾಕಬೇಕಾದರೆ ದೋಣಿಯ ಬೆನ್ನನ್ನೇ ಕೊಯ್ಯಬೇಕು. ನಮ್ಮ ಮನೆಯಲ್ಲಿ ಕೊಯ್ಯಿಸಿಕೊಂಡವರು ಒಬ್ಬರು ಸಾಕಿತ್ತು. ಉಳಿದದ್ದು ದಾರೂಖಾನಾ. ರೇ ರೋಡ್ ಸ್ಟೇಷನ್ನಿನ ಹಿಂದೆ, ಒಡೆದ ಹಡಗುಗಳ ಸಾಮಾನು ಗುಡ್ಡೆ ಹಾಕಿ ಮಾರುವ ಜಾಗ. ಅಲ್ಲಿ ಸಿಗದ ಬಿಜಾಗರಿ ಎಲ್ಲಿಯೂ ಸಿಗದು. ಆದರೆ ಅಳತೆ ಬೇಕಲ್ಲ? ಇದ್ದೊಂದು ಬಿಜಾಗರಿಯನ್ನು ಬಿಚ್ಚಿದರೆ ಮುಚ್ಚಳವೇ ಖಾಡಿಗೆ ಬೀಳುತ್ತದೆ ಎಂದು ಜೆಟ್ಟಿಯವನು ಮೊದಲೇ ಹೆದರಿಸಿದ್ದ.

ಈ ಸಂಕಟವನ್ನು ನಾನು ಹೋಟೆಲಿನ ಅಡುಗೆ ಭಟ್ಟರ ಮುಂದೆ ತೋಡಿಕೊಂಡೆ. ಬೀಗದ ಕೈ ಮಾಡುವವನು ಸಾಬೂನಿನಲ್ಲಿ ಅಚ್ಚು ತೆಗೆಯುತ್ತಾನಲ್ಲ, ಹಾಗೆ ತೆಗೆದರೆ ಹೇಗೆ ಎಂದು ಕೇಳಿದೆ.

‘ಹಿಟ್ಟು ಇರುವಾಗ ಸಾಬೂನು ಎಂಥಕ್ಕೆ ಅಕ್ಕಾ?’ ಎಂದರು ಭಟ್ಟರು. ದೊಡ್ಡ ಪಾತ್ರೆಯಿಂದ ಒಂದು ಮುಷ್ಟಿ ಹಿಟ್ಟು ಕಿತ್ತು, ಒಣ ಮೈದಾ ಉದುರಿಸಿ, ಸ್ಟೀಲಿನ ಡಬ್ಬಿಗೆ ಹಾಕಿ ಕೊಟ್ಟರು. ಹೋಟೆಲಿನವರಿಗೆ ಜಗತ್ತಿನ ಎಲ್ಲ ಕಷ್ಟಕ್ಕೂ ಹಿಟ್ಟೇ ಪರಿಹಾರ. ಯಾವ ಹಿಟ್ಟು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆಯಲ್ಲಿ ಹೊಲಿಗೆಯ ಟೇಪು ಇತ್ತು. ಅದು ನನಗೂ ನೆನಪಾಗಲಿಲ್ಲ, ಅವರಿಗೂ ನೆನಪಾಗಲಿಲ್ಲ.

ಮೆಟ್ರೋ ಹಿಡಿದು ಅಂಧೇರಿ, ಅಲ್ಲಿಂದ ಲೋಕಲ್‌ನಲ್ಲಿ ಬೊರಿವಲಿ, ಅಲ್ಲಿಂದ ರಿಕ್ಷಾದಲ್ಲಿ ಜೆಟ್ಟಿಗೆ ಹೋದೆ. ದೋಣಿಯ ಮೇಲೆ ಮಂಡಿಯೂರಿ, ಹಿಟ್ಟನ್ನು ಡಬ್ಬಿಯ ಮುಚ್ಚಳದಲ್ಲಿ ತಟ್ಟಿ, ಬಿಜಾಗರಿಗೆ ಒತ್ತಿ ತೆಗೆದೆ. ಎಷ್ಟು ಚೆಂದದ ಅಚ್ಚು ಬಿತ್ತು ಎಂದರೆ, ನನಗೇ ದೃಷ್ಟಿ ತಾಗಬೇಕು. ಸ್ಕ್ರೂ ಕೂರುವ ತೂತುಗಳ ಗುರುತಿಗೆ ಒಂದೊಂದು ಬೆಂಕಿಕಡ್ಡಿ ಚುಚ್ಚಿದೆ. ಪವಾಯಿಯ ದೊಡ್ಡ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಿಗೂ ಇಷ್ಟು ತಲೆ ಓಡದು ಎಂದು ಗರ್ವದಿಂದಲೇ ಡಬ್ಬಿ ಮುಚ್ಚಿದೆ. ಮತ್ತೆ ಲೋಕಲ್ ಹಿಡಿದು, ಅಂಧೇರಿಯಲ್ಲಿ ಹಾರ್ಬರ್ ಲೈನಿಗೆ ಬದಲಿಸಿ ರೇ ರೋಡಿಗೆ ಹೊರಟೆ. ಮೇ ತಿಂಗಳ ಮಧ್ಯಾಹ್ನ, ಕಿಕ್ಕಿರಿದ ಲೇಡೀಸ್ ಡಬ್ಬ, ನನ್ನ ತೊಡೆಯ ಮೇಲೆ ಬೆಚ್ಚಗೆ ಕೂತ ಹಿಟ್ಟು. ಅದು ಅಲ್ಲಿ ಏನು ಮಾಡುತ್ತಿತ್ತು ಎಂದು ಅಡುಗೆ ಬಲ್ಲ ನನಗೆ ಹೊಳೆಯಬೇಕಿತ್ತು.

ದಾರೂಖಾನಾದ ಅಂಗಡಿಯವನು ಡಬ್ಬಿ ತೆರೆದು ನೋಡಿದ. ಮುಚ್ಚಳ ನೋಡಿದ, ನನ್ನ ಮುಖ ನೋಡಿದ.

‘ಮೇಡಂ, ಯೇ ತಲ್‌ನೇ ಕಾ ಹೈ ಕ್ಯಾ?’ ಎಂದು ಕೇಳಿದ. ಇದನ್ನು ಎಣ್ಣೆಗೆ ಬಿಡಬೇಕೇ ಎಂದು.

ಅಳತೆ ಅಪ್ಪಾ, ಅಳತೆ, ಇದಕ್ಕೆ ಸರಿಯಾಗುವ ಜೋಡಿ ಕೊಡು ಎಂದು ನನ್ನ ಹರಕು ಹಿಂದಿಯಲ್ಲಿ ಗದರಿಸಿದೆ. ಅವನು ಒಳಗೆ ಹೋಗಿ ಬಹಳ ಹೊತ್ತು ಸದ್ದು ಮಾಡಿ, ಯಾವುದೋ ಹಡಗಿನ ಹಿತ್ತಾಳೆ ಬಿಜಾಗರಿಗಳನ್ನು ಎರಡೂ ಕೈಯಲ್ಲಿ ಹಿಡಿದು ತಂದ. ನನ್ನ ಬೆಂಕಿಕಡ್ಡಿಗಳ ಮೇಲೆ ಇಟ್ಟರೆ ತೂತಿಗೆ ತೂತು ಸರಿಯಾಗಿ ಕೂತವು. ಜೆಟ್ಟಿಯಲ್ಲಿ ನೋಡಿದ್ದು ಇಷ್ಟು ದೊಡ್ಡದಿತ್ತೇ ಎಂದು ಒಂದು ಕ್ಷಣ ಅನುಮಾನ ಬಂತು, ನಿಜ. ಆದರೆ ಅಚ್ಚು ಸುಳ್ಳು ಹೇಳುತ್ತದೆಯೇ? ಹೆಗಲು ಕಳಚಿ ಬೀಳುವ ಭಾರವನ್ನು ಚೀಲದಲ್ಲಿ ಹೊತ್ತು ಮನೆಗೆ ಬಂದೆ.

ಗ್ಯಾಲರಿಯಲ್ಲಿ ಅವರ ಮುಂದೆ ಟೀಪಾಯಿಯ ಮೇಲೆ ಇಟ್ಟೆ. ಟೀಪಾಯಿ ಕಿರುಗುಟ್ಟಿತು.

‘ಇದೆಂಥದು?’ ಎಂದರು.

‘ನಿಮ್ಮ ದೋಣಿಯ ಬಿಜಾಗರಿ.’

‘ದೋಣಿಯದ್ದಾ? ಯಾವ ದೇವಸ್ಥಾನದ ಬಾಗಿಲು ಕಿತ್ಕೊಂಡು ಬಂದಿ ಮಾರಾಯ್ತಿ?’

‘ಅಳತೆ ತಕ್ಕೊಂಡೇ ತಂದದ್ದು,’ ಎಂದೆ. ‘ಬೇಕಾದ್ರೆ ನೋಡಿ.’

ಡಬ್ಬಿ ತಂದು ತೆರೆದೆ. ಒಳಗಿನ ಹಿಟ್ಟು ಮುಚ್ಚಳಕ್ಕೆ ಅಂಟಿಕೊಂಡೇ ಮೇಲೆದ್ದು ಬಂತು. ಅಂಗಡಿಯಲ್ಲಿ ಇದ್ದುದಕ್ಕಿಂತಲೂ ಉಬ್ಬಿತ್ತು. ಬೆಂಕಿಕಡ್ಡಿಗಳು ಜಗಳ ಮಾಡಿಕೊಂಡ ಬೀಗರ ಹಾಗೆ ಒಂದೊಂದು ಒಂದೊಂದು ದಿಕ್ಕಿಗೆ ಸರಿದಿದ್ದವು. ಯಜಮಾನರು ಬಗ್ಗಿ, ಬೆರಳಲ್ಲಿ ಒಂದಿಷ್ಟು ಹಿಟ್ಟು ತೆಗೆದು ಮೂಗಿನ ಹತ್ತಿರ ಹಿಡಿದರು.

‘ಬಾಳೆಹಣ್ಣು,’ ಎಂದರು. ಇನ್ನೊಮ್ಮೆ ಮೂಸಿದರು. ‘ಹುಳಿ ಮೊಸರು, ಸೋಡ. ಇದು ಬನ್ಸಿನ ಹಿಟ್ಟು.’

ರಾತ್ರಿ ಕಲಸಿಟ್ಟು ಉಬ್ಬಿಸಿ, ಸಂಜೆ ಎಣ್ಣೆಯಲ್ಲಿ ಕಾಯಿಸಿದರೆ ಚೆಂಡಿನ ಹಾಗೆ ಏಳುವ ಮಂಗಳೂರು ಬನ್ಸು. ನಮ್ಮ ಹೋಟೆಲಿನ ಹೆಸರು ನಿಂತಿರುವುದೇ ಅದರ ಮೇಲೆ. ಅಂಥ ಹಿಟ್ಟಿನಲ್ಲಿ ಅಳತೆ ತೆಗೆದು, ಸೆಕೆಯಲ್ಲಿ ಅರ್ಧ ಮುಂಬಯಿ ಸುತ್ತಿಸಿ, ಅದು ಹಿಗ್ಗಿದಷ್ಟೂ ದೊಡ್ಡ ಹಿತ್ತಾಳೆ ಹುಡುಕಿ ತಂದವಳು ಉಡುಪಿ ಹೋಟೆಲಿನವನ ಹೆಂಡತಿ. ಬೇರೆ ಯಾವ ಜಾತಿಯ ಪೆದ್ದಿಗೂ ಇದು ಸಾಧ್ಯವಿಲ್ಲ.

ಯಜಮಾನರ ಭುಜ ಮೊದಲು ಅಲುಗಿತು. ಎದೆಗೆ ಏನೋ ಆಯಿತು ಎಂದುಕೊಂಡೆ. ಆಮೇಲೆ ಸದ್ದು ಬಂತು. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ, ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡು.

‘ಬನ್ಸಿನ ಹಿಟ್ಟಲ್ಲಿ… ಅಯ್ಯೋ, ನಗಿಸ್ಬೇಡ ಮಾರಾಯ್ತಿ, ಹೊಲಿಗೆ ಎಳೀತದೆ,’ ಎಂದರು. ನಾನೇನೂ ನಗಿಸುತ್ತಿರಲಿಲ್ಲ. ನನಗೆ ಬಂದದ್ದು ಸಿಟ್ಟು. ಇಷ್ಟು ದಿನ ಮಾತಿಲ್ಲದೆ ಕೂತವರಿಗೆ ನಗಲು ನಾನೇ ಬೇಕಾಯಿತಲ್ಲ ಎಂದು ಸಿಟ್ಟು. ಆಮೇಲೆ ಆ ಸಿಟ್ಟೂ ನಿಲ್ಲಲಿಲ್ಲ, ನಾನೂ ಅಲ್ಲೇ ನೆಲದ ಮೇಲೆ ಕೂತು ನಗತೊಡಗಿದೆ.

ನಗು ಮುಗಿದ ಮೇಲೆ ಫೋನು ತೆಗೆದುಕೊಂಡು ಭಟ್ಟರಿಗೆ ಬೈಯಲು ಶುರು ಮಾಡಿದರು. ಹಿಟ್ಟು ಯಾವುದು, ಬುದ್ಧಿ ಯಾವುದು ಎಂದು ಗೊತ್ತಿಲ್ಲವೇ ಎಂದು ಆರಂಭವಾದದ್ದು, ಸಾಂಬಾರು ನೀರಾಗಿದೆ ಎಂದು ಗಿರಾಕಿಗಳು ಹೇಳುತ್ತಿದ್ದಾರೆ ಎನ್ನುವಲ್ಲಿಗೆ ಹೋಯಿತು. ಗಿರಾಕಿಗಳನ್ನು ಇವರು ಯಾವಾಗ ಕಂಡಿದ್ದರೋ ದೇವರೇ ಬಲ್ಲ. ಪಾಪ ಭಟ್ಟರು. ನಾನು ಅಡುಗೆಮನೆಯಲ್ಲಿ ನಿಂತು ಪೂರ್ತಿ ಕೇಳಿದೆ, ಒಂದು ಮಾತೂ ಬಿಡದೆ.

‘ನಾಳೆ ನಾನೂ ಬರ್ತೇನೆ,’ ಎಂದರು ಫೋನು ಇಟ್ಟು. ‘ನಿನ್ನೊಬ್ಬಳನ್ನೇ ಕಳಿಸಿದ್ರೆ ಹಡಗನ್ನೇ ಹೊತ್ಕೊಂಡು ಬರ್ತಿ.’

ಮರುದಿನ ಮೊದಲು ಗೊರಾಯಿಗೆ ಹೋಗಿ ಅಳತೆ ತೆಗೆದರು, ಹೊಲಿಗೆಯ ಟೇಪಿನಲ್ಲಿ. ಆಮೇಲೆ ದಾರೂಖಾನಾ. ಅಂಗಡಿಯವನು ದೂರದಿಂದಲೇ ನನ್ನ ಗುರುತು ಹಿಡಿದು, ‘ಆಯಿಯೇ ಮೇಡಂ, ಆಜ್ ಕ್ಯಾ ಬನಾಯಾ?’ ಎಂದ. ಯಜಮಾನರ ಎದುರಿಗೇ ಇವತ್ತು ಏನು ಅಡುಗೆ ಎಂದು ಕೇಳಿಸಿಕೊಂಡ ಅವಮಾನ ನನ್ನದು, ನಗು ಅವರದು. ಅವರು ಲುಂಗಿ ಎತ್ತಿ ಕಟ್ಟಿ, ತುಕ್ಕಿನ ಗುಡ್ಡೆ ಹತ್ತಿದರು. ನಾನು ಕೆಳಗೆ ನೀರಿನ ಬಾಟಲಿ, ಮಾತ್ರೆ ಹಿಡಿದು ನಿಂತೆ. ಇಳಿಯಿರಿ ಎಂದೆ, ಕೂತುಕೊಳ್ಳಿ ಎಂದೆ. ಕೋಣನ ಮುಂದೆ ಕಿನ್ನರಿ. ಒಂದನ್ನು ಎತ್ತಿ ನೋಡಿ ಇದು ಹಿತ್ತಾಳೆಯಲ್ಲ, ಬಳಿದ ಬಣ್ಣ ಎಂದು ಎಸೆದರು. ಇನ್ನೊಂದರ ಮೊಳೆ ಸಡಿಲ ಎಂದರು. ಅಂಗಡಿಯವನು ಸುಸ್ತಾಗಿ ಚಹಾ ತರಿಸಿದ. ಕೊನೆಗೆ ಯಾವುದೋ ಲೈಫ್‌ಬೋಟಿನ ಪೆಟ್ಟಿಗೆಯ ಜೋಡಿಯೊಂದು ಸಿಕ್ಕಿತು. ಪೂರ್ತಿ ಸರಿಯಾದದ್ದಲ್ಲ, ಒಂದು ತೂತು ಕೂದಲೆಳೆಯಷ್ಟು ಅತ್ತ ಇತ್ತ. ಪಕ್ಕದ ಗಲ್ಲಿಯ ಲೇಥ್ ಮಷಿನ್ನಿನವನ ಹತ್ತಿರ ಅದನ್ನು ತಿದ್ದಿಸಿಕೊಂಡರು. ಸಂಜೆ ಮನೆಗೆ ಬಂದು ಸಾರಿಗೆ ಉಪ್ಪಿಲ್ಲ ಎಂದು ತಟ್ಟೆ ಸರಿಸಿದರು. ನಾನು ಉಪ್ಪು ಹಾಕಲಿಲ್ಲ, ಆದರೆ ಬಹಳ ಸಂತೋಷದಿಂದ ಹಾಕಲಿಲ್ಲ.

ಮೋಡ ಕಟ್ಟುತ್ತಿದ್ದ ಒಂದು ಸೋಮವಾರ ಬಿಜಾಗರಿ ಕೂರಿಸಿದರು. ಸ್ಕ್ರೂ ತಿರುಗಿಸಿದ್ದು ಜೆಟ್ಟಿಯವನು, ತಪ್ಪು ಹುಡುಕಿದ್ದು ಇವರು. ಮುಚ್ಚಳ ಎಲ್ಲ ಕಡೆ ಒತ್ತಿ ಕೂರುತ್ತದೆಯೇ ನೋಡಲು ಕೆಳಗಿನ ಅಂಚಿಗೆ ಸೀಮೆಸುಣ್ಣ ಉಜ್ಜಿ ಮುಚ್ಚಿ ತೆಗೆಯಬೇಕಂತೆ. ಮುಚ್ಚಳದ ರಬ್ಬರಿನಲ್ಲಿ ಬಿಳಿ ಗೆರೆ ಎಲ್ಲಿಯೂ ತುಂಡಾಗಬಾರದು. ಸೀಮೆಸುಣ್ಣ ಇರಲಿಲ್ಲ. ನನ್ನ ಪರ್ಸಿನಿಂದ ಮುಖದ ಪೌಡರು ತೆಗೆದು ದೋಣಿಗೆ ಬಳಿದರು. ಸವತಿಗೆ ಅಲಂಕಾರವೂ ನನ್ನದೇ. ಗೆರೆ ತುಂಡಾಗದೆ ಬಿತ್ತು.

ಇನ್ನು ನೀರು ಹೊಯ್ದು ನೋಡುವುದು. ಯಾರಾದರೂ ಒಳಗೆ ಕೂತು, ಹನಿ ಬೀಳುತ್ತದೆಯೇ ಎಂದು ನೋಡಬೇಕು. ಜೆಟ್ಟಿಯವನ ಹೊಟ್ಟೆ ಆ ಬಾಗಿಲಲ್ಲಿ ತೂರದು. ಹಾಗಾಗಿ ನಾನು ಸೀರೆ ಮುದುಡಿಕೊಂಡು, ಎಲ್ಲರಿಗೂ ಶಾಪ ಹಾಕುತ್ತ ಇಳಿದೆ. ಮುಚ್ಚಳ ಮುಚ್ಚಿತು. ಒಳಗೆ ಕತ್ತಲೆ, ಒಣಗಿದ ಮೀನಿನ ವಾಸನೆ, ಮೊಣಕಾಲು ಗದ್ದಕ್ಕೆ ತಾಗುವಷ್ಟು ಜಾಗ. ತಲೆಯ ಮೇಲಿನ ಮುಚ್ಚಳಕ್ಕೆ ಧಡ್ ಎಂದು ನೀರು ಬಿತ್ತು.

‘ಬರ್ತದಾ?’ ಎಂದು ಕೂಗಿದರು.

ಮೊಬೈಲಿನ ಬೆಳಕಿನಲ್ಲಿ ಅಂಚು ಅಂಚು ನೋಡಿದೆ. ಮೇಲೆ ಅವರ ಹೆಜ್ಜೆ ಓಡಾಡುತ್ತಿತ್ತು. ಜೆಟ್ಟಿಯವನು ನಾನು ನೀರು ಎತ್ತಿ ಕೊಡುತ್ತೇನೆ ಎಂದರೆ, ‘ನೀನು ಸುಮ್ನಿರು, ದೋಣಿ ನಿಂದಾ ನಂದಾ?’ ಎಂದು ಕನ್ನಡದಲ್ಲೇ ಅವನನ್ನು ಗದರುತ್ತಿದ್ದರು. ಬಕೆಟಿಗೆ ಕಟ್ಟಿದ ಹಗ್ಗ ಖಾಡಿಗೆ ಇಳಿಯುವ ಸದ್ದು, ಅವರು ಅದನ್ನು ಎಳೆಯುವ ಸದ್ದು, ಎಳೆಯುವಾಗ ಅವರ ಬಾಯಿಂದ ಬರುವ ‘ಹೋಯ್’. ಉಸಿರು ಎಲ್ಲಿಯಾದರೂ ತಡವರಿಸುತ್ತದೆಯೇ ಎಂದು ಮುಚ್ಚಳಕ್ಕೆ ಕಿವಿ ಹಚ್ಚಿ ಕೇಳಿದೆ. ತಡವರಿಸಲಿಲ್ಲ. ಇನ್ನೊಂದು ಬಕೆಟ್ ಬಿತ್ತು.

‘ಹೋಯ್, ಕೇಳ್ತದಾ? ನೀರು ಬರ್ತದಾ?’

ಒಂದು ಹನಿಯೂ ಬಂದಿರಲಿಲ್ಲ.

‘ಸ್ವಲ್ಪ ಬರ್ತಾ ಉಂಟು,’ ಎಂದೆ. ‘ಇನ್ನೊಂದು ಹಾಕಿ.’